ಹತ್ತರಲ್ಲೊಂದು ಪಾಲು: ಗಿವಿಂಗ್ ವಾಟ್ ವಿ ಕ್ಯಾನ್ ಪ್ರತಿಜ್ಞೆ

ದಾನಕ್ಕೆ ಎಷ್ಟು ಕೊಟ್ಟರೆ ಸರಿ? ಲೆಕ್ಕ ಬರೆಯುವುದೇ ನನ್ನ ಕೆಲಸ, ಆದರೂ ಈ ಒಂದು ಲೆಕ್ಕ ತಾಳೆಯಾಗುತ್ತಿರಲಿಲ್ಲ. ಮನಸ್ಸು ಕರಗಿದ ತಿಂಗಳು ಜಾಸ್ತಿ, ಖರ್ಚು ಬಂದ ತಿಂಗಳು ಸೊನ್ನೆ. ಗಿವಿಂಗ್ ವಾಟ್ ವಿ ಕ್ಯಾನ್ ಸಂಸ್ಥೆಯ ಪ್ರತಿಜ್ಞೆ ತೆಗೆದುಕೊಂಡ ಮೇಲೆ ಈ ಏರಿಳಿತ ನಿಂತಿದೆ.

2009ರಲ್ಲಿ ಆಕ್ಸ್‌ಫರ್ಡ್‌ನಲ್ಲಿ ಟೋಬಿ ಆರ್ಡ್, ವಿಲಿಯಂ ಮೆಕ್ಯಾಸ್ಕಿಲ್ ಎಂಬ ತತ್ವಶಾಸ್ತ್ರ ಓದಿದವರು ಶುರು ಮಾಡಿದ್ದು ಇದು. ನಿವೃತ್ತಿಯವರೆಗೂ ಆದಾಯದಲ್ಲಿ ಕನಿಷ್ಠ ಶೇ. 10 ಕೊಡುತ್ತೇನೆ ಅಂತ ಮಾತು ಕೊಡಬೇಕು. ಕಾನೂನಿನ ಕಟ್ಟು ಇಲ್ಲ. ಯಾರಿಗೆ ಅನ್ನುವುದು ನಮಗೇ ಬಿಟ್ಟದ್ದು. ಆದರೆ ಆ ಹಣದಿಂದ ಹೆಚ್ಚು ಜನರ ಬದುಕು ಹಸನಾಗುವ ಕಡೆ ಹುಡುಕಿ ಕೊಡಬೇಕು.

ಅವರ ವೆಬ್‌ಸೈಟಿನ ಕ್ಯಾಲ್ಕುಲೇಟರ್ ಒಮ್ಮೆ ನೋಡಲೇಬೇಕು. ದೇಶ, ತೆರಿಗೆ ಕಳೆದ ಆದಾಯ, ಮನೆಯಲ್ಲಿ ದೊಡ್ಡವರೆಷ್ಟು, ಮಕ್ಕಳೆಷ್ಟು ಅಂತ ತುಂಬಿದರೆ, ಇಡೀ ಪ್ರಪಂಚದ ಸಾಲಿನಲ್ಲಿ ನಾವೆಲ್ಲಿ ನಿಂತಿದ್ದೇವೆ ಅಂತ ತೋರಿಸುತ್ತದೆ. ಹತ್ತರಲ್ಲೊಂದು ಕೊಟ್ಟ ಮೇಲೆ ಎಲ್ಲಿರುತ್ತೇವೆ ಅಂತಲೂ. ನನ್ನ ಜಾಗ ಹೆಚ್ಚೇನೂ ಕೆಳಗಿಳಿಯಲಿಲ್ಲ. ‘ನನಗೇ ಸಾಲದು’ ಅನ್ನುವ ಮಾತು ಅಲ್ಲಿಗೆ ಮುಗಿಯಿತು.

ಆದರೆ ಎಲ್ಲರಿಗೂ ಒಂದೇ ಶೇ. 10 ಅನ್ನುವುದು ನನಗೆ ಒಪ್ಪಿಗೆಯಿಲ್ಲ. ಸಾಲದ ಕಂತು, ಔಷಧಿ ಖರ್ಚು ಕಳೆದು ಕೈ ಖಾಲಿಯಾಗುವವರಿಗೆ ಅದು ಊಟಕ್ಕೇ ಕತ್ತರಿ. ಕೈತುಂಬ ಸಂಪಾದಿಸುವವರಿಗೆ ಗೊತ್ತೂ ಆಗುವುದಿಲ್ಲ. ಅಂಥವರು ಹತ್ತಕ್ಕೇ ಕೈ ತೊಳೆದುಕೊಳ್ಳುವುದು ಸರಿಯಲ್ಲ ಅಲ್ವಾ? ತತ್ವಜ್ಞಾನಿ ಪೀಟರ್ ಸಿಂಗರ್ 1972ರಲ್ಲೇ ಕೇಳಿದ್ದರು: ಕಣ್ಣೆದುರು ಕೊಳದಲ್ಲಿ ಮಗು ಮುಳುಗುತ್ತಿದ್ದರೆ ಬಟ್ಟೆ ಕೆಸರಾದರೂ ಇಳಿಯುತ್ತೇವೆ, ದೂರದಲ್ಲಿ ಸಾಯುತ್ತಿರುವವರಿಗೆ ಯಾಕೆ ಬೇರೆ ನ್ಯಾಯ? ಈ ವಾದ ಹಿಡಿದು ಹೊರಟರೆ ಹತ್ತಕ್ಕೆ ನಿಲ್ಲಲು ಕಾರಣವೇ ಸಿಗುವುದಿಲ್ಲ. ನಿಜ. ಆದರೂ ಕೊನೆಯೇ ಇಲ್ಲದ ಕರ್ತವ್ಯ ಮುಂದಿಟ್ಟರೆ ಜನ ಏನೂ ಕೊಡದೆ ಎದ್ದು ಹೋಗುತ್ತಾರೆ. ಹತ್ತು ಅಂದರೆ ಕೂತು ಕೇಳುತ್ತಾರೆ. ನಾನು ಇದರ ಪರ ನಿಲ್ಲುವುದು ಅದಕ್ಕೇ. ಇದಕ್ಕಿಂತ ಮುಂದೆ ಹೋಗುವವರಿಗೆ, ಇಂತಿಷ್ಟರಲ್ಲಿ ಬದುಕಿ ಉಳಿದದ್ದೆಲ್ಲ ಕೊಡುವ ಪ್ರತಿಜ್ಞೆಯೂ ಇಲ್ಲಿದೆ.

ಸಂಬಳ ಬಿದ್ದ ದಿನವೇ ದುಡ್ಡು ತಾನಾಗಿ ಹೋಗುವಂತೆ ಬ್ಯಾಂಕಿಗೆ ಹೇಳಿಟ್ಟಿದ್ದೇನೆ. ತಂಗಿಯ ಫೀಸನ್ನು ಇದರಲ್ಲಿ ಸೇರಿಸಿಲ್ಲ. ಅದು ಮನೆಯ ಋಣ, ಅದರ ಕಾಲಂ ಬೇರೆ.

ಸಾಲ ತಲೆ ಮೇಲಿರುವವರು ಹತ್ತಕ್ಕೆ ಕೈ ಹಾಕಬೇಡಿ. ಪ್ರಾಯೋಗಿಕ ಪ್ರತಿಜ್ಞೆ ಅಂತ ಇನ್ನೊಂದಿದೆ, ಶೇ. 1ರಿಂದ ಶುರು. ಎಷ್ಟು ಕಾಲ ಅನ್ನುವುದನ್ನೂ ನೀವೇ ಬರೆದುಕೊಳ್ಳಬಹುದು.