ಎಳೆಗುದುರೆಗೆ ದನಕುರಿಗಳ ಒಡನಾಟ ಕಲಿಸುವ ಒಂದು ತರಬೇತಿ ಸೇವೆ

ಮೈಸೂರು ಸೀಮೆಯ ತೋಟವೊಂದರಲ್ಲಿ ನಡೆಯುವ ಕುದುರೆ ತರಬೇತಿ ಸೇವೆಗೆ ನಮ್ಮ ಎರಡು ವರ್ಷದ ಮಾರ್ವಾಡಿ ಹೆಣ್ಣುಗುದುರೆಯನ್ನು ಒಪ್ಪಿಸಿದ್ದು ಸವಾರಿಗಾಗಿ ಅಲ್ಲ, ಹಸು, ಎಮ್ಮೆ, ಕುರಿಗಳ ನಡುವೆ ಗಾಬರಿಯಾಗದೆ ಇರುವುದನ್ನು ರೂಢಿಸುವುದಕ್ಕಾಗಿ. ಲಾಯದಲ್ಲೇ ಬೆಳೆದ ಅದು, ಸಂಜೆ ಮನೆಗೆ ಮರಳುವ ದನಗಳ ಕೊರಳ ಗಂಟೆ ಕೇಳಿದರೆ ಸಾಕು, ಕತ್ತನ್ನು ನೆಟ್ಟಗೆ ಎತ್ತಿ, ಹೊಳ್ಳೆಗಳನ್ನು ಅರಳಿಸಿ, ಹಗ್ಗ ಹಿಡಿದವರನ್ನೇ ಎಳೆದುಕೊಂಡು ಓಡಲು ನೋಡುತ್ತಿತ್ತು.

ಈ ಸೇವೆಯಲ್ಲಿ ನನಗೆ ಎಲ್ಲಕ್ಕಿಂತ ಹಿಡಿಸಿದ್ದು ಅವರು ದೂರವನ್ನು ಬಳಸುವ ರೀತಿ. ಕುದುರೆಯನ್ನು ಕೊಟ್ಟಿಗೆಯ ಪಕ್ಕದಲ್ಲಿ ಕಟ್ಟಿಹಾಕಿ ತಾನಾಗಿಯೇ ಅಭ್ಯಾಸವಾಗಲಿ ಎಂದು ಬಿಡುವ ಪದ್ಧತಿ ಹಲವೆಡೆ ಇದೆ. ಓಡಿ ಪಾರಾಗುವುದೇ ಹುಟ್ಟುಗುಣವಾಗಿರುವ ಪ್ರಾಣಿಗೆ ಓಡುವ ದಾರಿಯನ್ನೇ ಮುಚ್ಚಿದರೆ ಭಯ ಇಳಿಯುವ ಬದಲು ಬೇರೂರುತ್ತದೆ. ಇಲ್ಲಿಯ ತರಬೇತುದಾರರು ಕುದುರೆಯು ಹಿಂಡನ್ನು ಗಮನಿಸಿಯೂ ಹುಲ್ಲು ಮೇಯುತ್ತಿರಬಲ್ಲಷ್ಟು ದೂರದಿಂದ ಆರಂಭಿಸಿ, ಕೆಲವು ಹೆಜ್ಜೆ ಹತ್ತಿರ ನಡೆಸಿ, ಅದು ಬೆದರುವ ಮೊದಲೇ ಹಿಂದಕ್ಕೆ ಕರೆತರುತ್ತಾರೆ. ತಲೆ ತಗ್ಗಿದೆಯೇ, ಕಿವಿಗಳು ಸಡಿಲವಾಗಿವೆಯೇ, ಬಾಯಿ ಆಡಿಸುತ್ತಿದೆಯೇ ಎಂದು ನೋಡಿಕೊಂಡೇ ಮುಂದಿನ ಹೆಜ್ಜೆ. ಮೊದಮೊದಲು ದನಗಳನ್ನು ಎದುರಿನಿಂದ ಬರಲು ಬಿಡದೆ, ಮುಂದೆ ಸಾಗುವ ದನಗಳ ಹಿಂದೆ ಕುದುರೆಯನ್ನು ನಡೆಸುತ್ತಾರೆ. ತನ್ನಿಂದ ದೂರ ಹೋಗುತ್ತಿರುವ ಪ್ರಾಣಿಯನ್ನು ಕಂಡಾಗ ಅಂಜಿಕೆ ಕಡಿಮೆಯಾಗಿ ಕುತೂಹಲ ಹೆಚ್ಚುತ್ತದೆ. ಜೊತೆಗೆ ದನಗಳಿಗೆ ಒಗ್ಗಿದ ಹಿರಿಯ ಕುದುರೆಯೊಂದು ಸದಾ ಇರುತ್ತದೆ, ಮತ್ತು ಅದರ ನಿರಾಳತೆ ಎಳೆಯದಕ್ಕೆ ಎಷ್ಟು ಧೈರ್ಯ ಕೊಡುತ್ತದೆಂಬುದನ್ನು ಕಣ್ಣಾರೆ ಕಂಡ ಮೇಲೆ, ಹಿರಿಯ ಕುದುರೆಯಿಲ್ಲದ ತರಬೇತಿಯನ್ನು ನಾನು ಯಾರಿಗೂ ಸೂಚಿಸಲಾರೆ.

ಕುದುರೆಯ ಕಣ್ಣುಗಳು ಸುಮಾರು 350 ಡಿಗ್ರಿಯಷ್ಟು ಸುತ್ತನ್ನು ಕಾಣುತ್ತವಾದರೂ ಬೆನ್ನ ಹಿಂದಿನ ನೇರ ಜಾಗ ಅವಕ್ಕೆ ಕಾಣದು. ಆದ್ದರಿಂದಲೇ ಹಿಂದಿನಿಂದ ನುಗ್ಗುವ ಕರುಗಳನ್ನು ಇಲ್ಲಿ ಬೇಲಿಯಾಚೆ ಇರಿಸುತ್ತಾರೆ. ಒದೆತದಿಂದ ಕರುವಿಗೂ ಕೊಂಬಿನಿಂದ ಕುದುರೆಗೂ ಗಾಯವಾಗದಂತೆ ಇಷ್ಟು ಎಚ್ಚರ ವಹಿಸುವವರು ಅಪರೂಪ.

ಮೇವಿನ ವ್ಯವಸ್ಥೆಯನ್ನೂ ಮೆಚ್ಚಲೇಬೇಕು. ಕೆಲವು ದನದ ಹಾಗೂ ಕೋಳಿಯ ಆಹಾರಗಳಲ್ಲಿ ಬೆರೆಸುವ ಮೊನೆನ್ಸಿನ್ ಎಂಬ ಔಷಧ ಕುದುರೆಯ ಹೃದಯದ ಸ್ನಾಯುವನ್ನು ಹಾಳುಮಾಡುತ್ತದೆ, ಸ್ವಲ್ಪ ಪ್ರಮಾಣವೂ ಪ್ರಾಣಕ್ಕೆ ಕುತ್ತು ತರಬಲ್ಲದು. ಇಲ್ಲಿ ದನದ ಹಿಂಡಿಯ ಚೀಲಗಳು ಬೇರೆಯೇ ಕೋಣೆಯಲ್ಲಿ ಬೀಗದೊಳಗಿರುತ್ತವೆ, ಬೋಗುಣಿಗಳೂ ಬೇರೆ.

ಕೊರತೆಗಳೂ ಇವೆ. ತೋಟದಲ್ಲಿ ಹಂದಿಗಳಿಲ್ಲ, ದನಗಳಿಗೆ ಹೊಂದಿಕೊಂಡ ಕುದುರೆಯೂ ಹಂದಿಯ ವಾಸನೆಗೆ, ಸದ್ದಿಗೆ ಬೆಚ್ಚುವುದು ಸಾಮಾನ್ಯವಾದ್ದರಿಂದ ಇದು ಸಣ್ಣ ಲೋಪವಲ್ಲ. ಅದಕ್ಕಿಂತ ಮುಖ್ಯವಾಗಿ, ಮಾಲೀಕರಿಗೆ ನೀಡುವ ತರಬೇತಿ ತೀರ ಅವಸರದ್ದು. ಅಲ್ಲಿ ತರಬೇತುದಾರರ ಕೈಯಲ್ಲಿ ಶಾಂತವಾಗಿದ್ದ ಕುದುರೆ ನಮ್ಮೂರಿನ ಬೀದಿಯಲ್ಲಿ ಹೊಸ ಹಿಂಡಿನೆದುರು ಮತ್ತೆ ಕಿವಿ ನಿಗುರಿಸಿತು. ಅದೇ ಕ್ರಮವನ್ನು ದೂರದಿಂದ ಪುನಃ ಆರಂಭಿಸಿದ ಮೇಲೆ ಬೇಗನೆ ಒಗ್ಗಿಕೊಂಡಿತು. ಸ್ಥಳ ಬದಲಾದಾಗ ಕಲಿಕೆಯನ್ನು ಮತ್ತೆ ನೆಲೆಗೊಳಿಸಬೇಕೆಂಬುದನ್ನು ಅವರೇ ತಿಳಿಸಿ, ಬರೆದೂ ಕೊಡಬೇಕಿತ್ತು.

ದನಕುರಿಗಳಿರುವ ಊರಿನಲ್ಲಿ ಎಳೆಗುದುರೆ ಸಾಕುವವರು ಈ ಸೇವೆಯನ್ನು ಧೈರ್ಯವಾಗಿ ಆರಿಸಿಕೊಳ್ಳಬಹುದು. ಆದರೆ ಕೊನೆಯ ವಾರ ಅಲ್ಲಿಯೇ ಉಳಿದು, ಹಿಂಡಿನ ಹತ್ತಿರ ಹಗ್ಗವನ್ನು ತಾವೇ ಹಿಡಿಯಲು ಅವಕಾಶ ಬೇಕೆಂದು ಮುಂಚಿತವಾಗಿಯೇ ಮಾತಾಡಿಕೊಳ್ಳಿ.