ಮಗನ ಮೊದಲ ಬಂದೂಕ ತಗೊಳ್ಳಾಕ ಹೊಂಟವ್ರು ಇದನ್ನ ಓದೇ ಹೋಗ್ರಿ

ಅಂಗಡಿ ಹೆಸರ ಬರ್ಯಂಗಿಲ್ಲ. ಬರದ್ರ ನನ್ನ ಮ್ಯಾಲೇ ಕೇಸ್ ಹಾಕ್ತೀನಿ ಅಂತ ಅಂಗಡಿಯಾಂವ ಫೋನಿನ್ಯಾಗ ಹೇಳ್ಯಾನ. ಆದ್ರ ನಡದದ್ದನ್ನ ಹೇಳಲೇಬೇಕು. ನಮ್ಮ ಖಾನಾಪುರ ತಾಲೂಕಿನ್ಯಾಗ ಹಂದಿ ಕಾಟ ತಡಕೊಳ್ಳಾಕ ಆಗದ ಬೆಳೆ ರಕ್ಷಣೆ ಲೈಸೆನ್ಸಿಗೆ ಅರ್ಜಿ ಹಾಕಿದ ಹುಡುಗರು ನನಗ ಗೊತ್ತಿದ್ದವರ ನಾಕೈದು ಮಂದಿ ಅದಾರ.

ನನ್ನ ಮಗಗ 22 ವರ್ಷ. ಕಾಯ್ದೆ ಪ್ರಕಾರ 21 ತುಂಬಬೇಕು, ಹಂಗಾಗಿ ಕಾದು ಕುಂತಿದ್ದ. ಅಜ್ಜನ ಬ್ಯಾಟಿ ಕಥಿ ಕೇಳ್ಕೋತ ಬೆಳದಾಂವ. ಬ್ಯಾಟಿ ಕಾಲ ವನ್ಯಜೀವಿ ಕಾಯ್ದೆಯಿಂದ ಎಂದೋ ಮುಗದೈತಿ, ಬೆಳಿ ತಿನ್ನೂ ಹಂದಿ ಹೊಡಿಯಾಕೂ ಅರಣ್ಯ ಇಲಾಖೆ ಬರದು ಕೊಟ್ಟ ಅಪ್ಪಣೆ ಬೇಕು, ನಮ್ಮದು ಸಪ್ಪಳ ಮಾಡಿ ಓಡಿಸೂದು ಅಷ್ಟ ಅಂತ ಅವಗ ಎಷ್ಟೋ ಸಲ ಹೇಳೀನಿ. ಹೂಂ ಅಂದಾನ. ಹುಡುಗ ಒಳ್ಳೇಂವ.

ಡಿಸಿ ಆಫೀಸು, ಠಾಣೆ, ಮತ್ತ ಡಿಸಿ ಆಫೀಸು. ಆ ತಿರುಗಾಟ ಮಾಡಿದವರಿಗೆ ಗೊತ್ತೈತಿ. ಕಡೀಕ ಲೈಸೆನ್ಸ್ ಕೈಗೆ ಬಂತು. ಬಂದೂಕ ಇಷ್ಟರೊಳಗ ತಗೋಬೇಕು ಅಂತ ಮುದತ ಇರ್ತೈತಲ್ಲ, ಆ ಮುದತ ಹಿಡಕೊಂಡೇ ಅಂಗಡಿಯಾಂವ ನನ್ನ ಆಟ ಆಡಿಸಿದ.

ಬಾಜೂ ಊರಿನ ಒಬ್ಬ ಹಿರಿಯರು ತಮ್ಮ ಒಂಟಿ ನಳಿಗಿ ಬಂದೂಕ ಮಾರವ್ರಿದ್ರು. ಹಗೂರ ಬಂದೂಕ, ಕಣ್ಣಾರೆ ನೋಡಿದ್ದು. ಅಂಗಡಿಯಾಂವಗ ಇದನ್ನ ಹೇಳಿದೆ, ಅದ ನನ್ನ ತಪ್ಪು. "ಕಾಕಾರ, ಮಂದಿ ಕಡೆ ತಗೊಂಡ್ರ ಅವರು ಮೊದಲ ಬರದು ತಿಳಿಸಬೇಕು, ಮುಂದ 45 ದಿನ ಕಾಯಬೇಕು. ನಿಮ್ಮ ಮುದತ ಏನ್ ಉಳೀತೈತ್ರಿ?" ಅಂದ. 45 ದಿನದ ಮಾತು ಖರೇನ ಐತಿ, ಕಾಯ್ದೆದಾಗ ಐತಿ. ಆದ್ರ ನಮ್ಮ ಮುದತಿನ್ಯಾಗ ಇನ್ನೂ ಮೂರು ತಿಂಗಳ ಮ್ಯಾಲೆ ಇತ್ತು! ಲೆಕ್ಕಾ ಹಾಕೂವಷ್ಟು ಬುದ್ಧಿ ಆ ಹೊತ್ತಿಗೆ ನನಗ ಬರಲಿಲ್ಲ. ಖರೇ ಮಾತು ಒಂದು ಹೇಳಿ ಅದರ ಬೆನ್ನಿಗೆ ಅಂಜಿಕಿ ಹಚ್ಚಿದ.

ಆಮ್ಯಾಲೆ ಒಳಗಿಂದ ಒಂದು 12 ಬೋರ್ ಜೋಡು ನಳಿಗಿ ತಂದ. "ಇಂಗ್ಲೆಂಡ್ ಮಾಲ್ರಿ, ಹಿಂತಾದ್ದು ಈಗ ಸಿಗಂಗಿಲ್ಲ." ಹೊರಗ ಕರ್ರಗ ಮಿಂಚಾಕತ್ತಿತ್ತು. ನಳಿಗಿ ಒಳಗ ನೋಡೂಣು ಅಂದೆ. ಮುರದು, ಅಂದ್ರ ಕೀಲಿನ ಕಡೆ ಬಗ್ಗಿಸಿ ತಗದು, ಬೆಳಕಿಗೆ ಹಿಡದ, ಏನೂ ಕಾಣಲಿಲ್ಲ, ತುಂಬ ಗ್ರೀಸು. "ಜಂಗ ಹಿಡೀಬಾರದಂತ ಹಾಕೀವ್ರಿ, ಮನೀಗೆ ಹೋಗಿ ಒರಸ್ರಿ." ಅಲ್ಲೇ ಒಂದು ಅರಿವಿ ಕೇಳಿದ್ರ ಮುಗೀತಿತ್ತು. ಒಂದು ಅರಿವಿ! ಕೇಳಲಿಲ್ಲ. ಮಗ ಬಂದೂಕ ಹಿಡಕೊಂಡು ನಿಂತಿದ್ದ, ಅವನ ಮಾರಿ ನೋಡಿ ರೊಕ್ಕಾ ಎಣಿಸಿದೆ. 85 ಸಾವಿರ ಕೊಟ್ಟೆ. ರಸೀತಿ 45 ಸಾವಿರದ್ದು. "ಎಲ್ಲಾರದೂ ಹಿಂಗ ಇರ್ತೈತ್ರಿ" ಅಂದ. ಅದಕ್ಕೂ ತಲಿ ಹಾಕಿದೆ. ಬರ್ಯಾಕ ನಾಚಿಕಿ ಬರ್ತೈತಿ.

ನಂಬರು ಲೈಸೆನ್ಸಿಗೆ ಏರಿಸಿದ್ದಾತು. ಮರುವಾರ ಹೊಲದ ಮಣ್ಣಿನ ಒಡ್ಡಿಗೆ ಗುರಿ ಹಿಡದು ಮಗ ಮೊದಲನೇ ಗುಂಡು ಹಾರಿಸಿದ. ಬಟ್ಟು, ಅಂದ್ರ ಬಂದೂಕಿನ ಹಿಂದಿನ ಕಟ್ಟಿಗಿ, ಭುಜದ ಕುಣಿಯೊಳಗ ಕುಂದರೂದು ಬಿಟ್ಟು ತೋಳಿಗೆ ಬಡೀತು, ಗಲ್ಲಾ ಬಾತು. ಬಂದೂಕ ಮುರದು ನೋಡಿದ್ರ ಗುಂಡಿನ ಖಾಲಿ ತೋಟಾ ಹೊರಗ ಬರವಲ್ದು. ಚಾಕು ಹಾಕಿ ಎಬ್ಬಿಸಿ ತಗದ್ವಿ, ತೋಟಾದ ಬಾಯಿ ಹರದು ಚಿಂದಿ ಆಗಿತ್ತು.

ನಮ್ಮ ಸೋದರಮಾವ ಮರಾಠಾ ರೆಜಿಮೆಂಟಿನ್ಯಾಗ ಹವಾಲ್ದಾರ ಆಗಿದ್ದವರು. ಬಂದು ಮಾತಾಡದ ನಳಿಗಿ ಬಿಚ್ಚಿ ಗ್ರೀಸು ಒರಸಿ ಆಕಾಶಕ್ಕ ಹಿಡದ್ರು. ಬಲಗಡೆ ನಳಿಗಿ ತುಂಬ ತೂತು ತೂತು, ಸಿಡುಬು ಬಂದ ಮಾರಿ ಇದ್ದಂಗ. ನಡುವ ಒಂದು ಕಡೆ ಉಂಗುರದಂಗ ನೆರಳು, ಅಲ್ಲಿ ನಳಿಗಿ ಉಬ್ಬೈತಿ ಅಂದ್ರು. ನಳಿಗಿ ತಳಕ್ಕ 2½ ಅಂತ ಮುದ್ರಿ ಒತ್ತಿತ್ತು, ಅಂದ್ರ ಎರಡೂವರೆ ಇಂಚಿನ ತೋಟಾಕ್ಕ ಅಷ್ಟ ಮಾಡಿದ್ದು. ಈಗಿನ ತೋಟಾ 70 ಮಿಲಿಮೀಟರಿಂದು, ಅಂದ್ರ 2¾ ಇಂಚು. ತುಂಬಿದಾಗ ಬಾಯಿ ಮಡಚಿರ್ತೈತಿ, ಹಂಗಾಗಿ ಸುಮ್ನ ಒಳಗ ಕುಂದರ್ತೈತಿ. ಹಾರಿದಾಗ ಬಾಯಿ ಬಿಚ್ಚಾಕ ಜಾಗಾ ಸಾಲಂಗಿಲ್ಲ, ಒತ್ತಡ ಏರ್ತೈತಿ. "ಎರಡನೇದು ಹಾರಿಸಿಲ್ಲಲ್ಲ?" ಅಂತ ಮಾವ ಕೇಳಿದ್ರು. ಆ ರಾತ್ರಿ ನನಗ ನಿದ್ದಿ ಹತ್ತಲಿಲ್ಲ. ಅದು ನನ್ನ ಮಗನ ಮಾರಿ ಮುಂದ ಇದ್ದ ನಳಿಗಿ.

ಫೋನ್ ಮಾಡಿದೆ. ಅಂವ ಕೊಟ್ಟ ಉತ್ತರ ಒಂದೊಂದೂ ನೆನಪೈತಿ.

"ಬಂದೂಕ ಚಲೋ ಐತ್ರಿ, ನಿಮ್ಮ ಹುಡುಗನ ಭುಜಾ ಮೆತ್ತಗೈತಿ."

ನಳಿಗಿ ಒಳಗ ತೂತು ಅಂದೆ. "ಹಳೇ ಸಾಮಾನ ಹಳೇದ ಇರ್ತೈತಿ."

2½ ಮುದ್ರಿ ಅಂದೆ. "ಎಷ್ಟೋ ಮಂದಿ ಅದನ್ನ ಹಾರಸ್ತಾರ, ಯಾರಿಗೆ ಏನಾಗೈತಿ?"

ವಾಪಸ್ ತಗೋ ಅಂದೆ. "ನಂಬರ್ ಏರಿಸೀರಿ, ಅಂದಮ್ಯಾಲೆ ಅದು ನಿಮ್ಮದು. ರಸೀತಿ 45ರದ್ದೈತಿ, ಬೇಕಾದ್ರ 30 ಕೊಡ್ತೀನಿ." ಅಂವನ ಕೈಯಾಗ ನಾನೇ ಕೊಟ್ಟ ಹತಾರ ಆ ರಸೀತಿ.

ನಾಕನೇ ಸಲ ಮಾಡಿದಾಗ, "ಇಲೆಕ್ಷನ್ ಬರ್ತೈತಿ, ಠಾಣೆದಾಗ ಇಟ್ಟುಬಿಡ್ರಿ, ಆಮ್ಯಾಲೆ ನೋಡೂಣು" ಅಂದ. ಐದನೇ ಸಲ ಎತ್ತಲಿಲ್ಲ.

ಹೊಂಟವ್ರಿಗೆ ಹೇಳೂದು ಇಷ್ಟ. ಅರಿವಿ ಒಂದು ಮನಿಯಿಂದ ಒಯ್ರಿ, ಎದುರಿಗೇ ಒರಸಿ ನೋಡ್ರಿ, ಒರಸಾಕ ಬಿಡಲಿಲ್ಲ ಅಂದ್ರ ಎದ್ದು ಬರ್ರಿ. ತಳದ ಮುದ್ರಿ ಓದ್ರಿ. ಬಂದೂಕ ಖಾಲಿ ಐತಿ ಅಂತ ಮುರದು ಖಾತ್ರಿ ಮಾಡಿಕೊಂಡು ಬಟ್ಟು ಹುಡುಗನ ಮೊಣಕೈ ಮಡಚಿದಲ್ಲಿ ಇಟ್ಟು ಬೆರಳು ಕುದುರಿಗೆ (ಟ್ರಿಗರಿಗೆ) ಮುಟ್ಟತೈತೇನ ನೋಡ್ರಿ, ನನ್ನ ಮಗಂದು ಮುಟ್ಟಿರಲಿಲ್ಲ, ನಾ ನೋಡೇ ಇರಲಿಲ್ಲ. ಕೊಟ್ಟಷ್ಟಕ್ಕೂ ರಸೀತಿ ತಗೊಳ್ರಿ. ಗೊತ್ತಿದ್ದ ಹಿರೇರನ್ನ ಬಿಟ್ಟು ಹೋಗಬ್ಯಾಡ್ರಿ, ಮಗನ ಮುಂದ ಸಣ್ಣಾವ ಆಗೂ ಗತಿ ನಿಮಗ ಬರಬಾರದು.

ಬಂದೂಕ ಟ್ರಂಕಿನ್ಯಾಗ ಕೀಲಿ ಹಾಕಿ ಇಟ್ಟೇನಿ. ಮಗ ಒಂದ್ ಮಾತೂ ಅಂದಿಲ್ಲ, ರಾತ್ರಿ ಡಬ್ಬಿ ಬಡಕೋತ ಹೊಲಾ ಕಾಯಾಕ ಹೊಕ್ಕಾನ. ಸೋಮವಾರ ಹವಾಲ್ದಾರ ಮಾವನ್ನ ಕರ್ಕೊಂಡು ಮತ್ತ ಅದೇ ಅಂಗಡಿಗೆ ಹೊಂಟೇನಿ. ಹರದ ತೋಟಾ ಕಿಸೇದಾಗ ಐತಿ.