ಎಬ್ರೊ ಕಣಿವೆಯಲ್ಲಿ ಒಂದು ದಿನ: ಫ್ರಿಯಾಸ್ ಅಥವಾ ಒರ್ಬಾನೆಹಾ?

ಸ್ಪೇನಿನ ಬುರ್ಗೋಸ್ ಪ್ರಾಂತ್ಯದಲ್ಲಿ ಎಬ್ರೊ ನದಿಯ ಮೇಲ್ಕಣಿವೆಯನ್ನು ನೋಡಲು ಒಂದೇ ದಿನವಿದ್ದರೆ ಫ್ರಿಯಾಸ್‌ಗೆ ಹೋಗುವುದೋ, ಒರ್ಬಾನೆಹಾ ದೆಲ್ ಕಾಸ್ತಿಯೊಗೆ ಹೋಗುವುದೋ ಎಂದು ಕೇಳಿದ್ದೀರಿ.

ಇತಿಹಾಸದಲ್ಲಿ ಆಸಕ್ತಿಯುಳ್ಳವರಿಗೆ ಫ್ರಿಯಾಸ್ ಹೆಚ್ಚು ಒಪ್ಪುತ್ತದೆ. 1435ರಲ್ಲಿ ದೊರೆ ಎರಡನೆಯ ಹ್ವಾನ್‌ನಿಂದ ನಗರದ ಪದವಿ ಪಡೆದ ಈ ಪುಟ್ಟ ಊರಿನಲ್ಲಿ ಕೋಟೆಯ ಗೋಪುರವು ಕಡಿದಾದ ಬಂಡೆಯ ತುದಿಯಲ್ಲಿ ನಿಂತಿದ್ದು, ಹಳೆಯ ಮನೆಗಳು ಬಂಡೆಯಂಚಿಗೆ ಒತ್ತೊತ್ತಾಗಿ ಅಂಟಿಕೊಂಡಿವೆ. ಊರ ಕೆಳಗಿನ ಮಧ್ಯಯುಗದ ಸೇತುವೆಯನ್ನು ಮಾತ್ರ ಬಿಡಬೇಡಿ: 143 ಮೀಟರ್ ಉದ್ದ, ಒಂಬತ್ತು ಕಮಾನು, ನಡುವೆ ಕಾವಲು ಗೋಪುರ. ಅದರ ಮೇಲೆ ನಡೆಯುವಾಗ ಕೆಳಗೆ ಹರಿಯುವ ಎಬ್ರೊ ನದಿಯೇ ಈ ಊರು ಇಲ್ಲಿ ಹುಟ್ಟಿದ್ದರ ಕಾರಣವನ್ನು ತಿಳಿಸುತ್ತದೆ.

ನಿಸರ್ಗವೇ ಮುಖ್ಯವೆನ್ನುವವರು ಒರ್ಬಾನೆಹಾವನ್ನು ಆರಿಸಬಹುದು. ಗುಹೆಯಿಂದ ಹೊರಡುವ ತೊರೆಯು ಹಳ್ಳಿಯ ನಡುವೆಯೇ ಹರಿದು, ಜಲಪಾತವಾಗಿ ಧುಮುಕಿ, ಹಸಿರುನೀಲಿ ಕೊಳಗಳನ್ನು ತುಂಬಿ ನದಿಯನ್ನು ಸೇರುತ್ತದೆ. ಸುತ್ತಲಿನ ಸುಣ್ಣಕಲ್ಲಿನ ಕಮರಿಯಲ್ಲಿ ರಣಹದ್ದುಗಳು ಸುಳಿಯುತ್ತವೆ. ಆದರೆ ಬೇಸಿಗೆಯ ಕೊನೆಯಲ್ಲಿ ನೀರು ಸೊರಗುವುದರಿಂದ ವಸಂತವೇ ಸೂಕ್ತ. ಫ್ರಿಯಾಸ್‌ಗೆ ಆ ಕಟ್ಟುಪಾಡಿಲ್ಲ.

ಏರುದಾರಿಯ ಶ್ರಮ ಎರಡರಲ್ಲೂ ಇದೆ. ಬಸ್ಸುಗಳು ವಿರಳವಾದ್ದರಿಂದ ಕಾರು ಬಾಡಿಗೆಗೆ ಪಡೆಯುವುದು ಒಳಿತು. ಮಕ್ಕಳಿದ್ದರೆ ನಾನು ಒರ್ಬಾನೆಹಾ ಎನ್ನುತ್ತೇನೆ, ಚಳಿಗಾಲವಾದರೆ ಫ್ರಿಯಾಸ್.